ಹಬ್ಬದ ಚಿತ್ರಗಳಲ್ಲಿ ಪಂಕ್ತಿಭೇದ

ಹಬ್ಬದ ದಿನ ಮನೆಯಲ್ಲಿ ಎಷ್ಟು ಎಲೆ ಹಾಕಬೇಕೆಂಬುದು ಮೇಲುನೋಟಕ್ಕೆ ಅಡುಗೆಯ ಮನೆಯ ಲೆಕ್ಕದಂತೆ ತೋರುವುದು. ಆದರೆ ಆ ಲೆಕ್ಕದ ಬೆನ್ನಿಗೇ ಒಂದು ಧರ್ಮವಿಚಾರವೂ ಇರುವುದು. ಯಾರ ಎಲೆ ಒಳಗೆ, ಯಾರ ಎಲೆ ಜಗಲಿಯ ಮೇಲೆ, ಯಾರಿಗೆ ಮೊದಲು ಬಡಿಸುವುದು, ಯಾರಿಗೆ ಕಡೆಯಲ್ಲಿ ಉಳಿದುದನ್ನು ನೀಡುವುದು ಎಂಬುದರಿಂದ ಆ ಮನೆಯವರು ಲೋಕದ ಜನರನ್ನು ಹೇಗೆ ಎಣಿಸಿಕೊಂಡಿದ್ದಾರೆಂಬುದು ತಿಳಿದುಬರುವುದು. ಕನ್ನಡ ಮನೆಗಳಿಗೆ 'ಪಂಕ್ತಿಭೇದ'ವೆಂಬ ಮಾತು ಹೊಸದಲ್ಲ. ಊಟ ಎಲ್ಲರಿಗೂ ದೊರೆತಾಗಲೂ ಪಂಕ್ತಿಭೇದ ನಡೆಯಬಹುದು. ಹೊಟ್ಟೆ ತುಂಬಿದ ಮೇಲೂ ಅದರ ನೋವು ಉಳಿಯಬಹುದು. ಅನ್ನಕ್ಕೂ ಗೌರವಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಮಾತು ವಿರಳ.

ಊಟದಂತೆಯೇ ಚಿತ್ರಪ್ರದರ್ಶನವೂ ಹಬ್ಬದ ಅಂಗವಾಗಿಹೋಗಿರುವ ದೇಶಗಳುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕ್ರಿಸ್ಮಸ್ ಹಬ್ಬಕ್ಕೂ, ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಎಂಬ ಕೃತಜ್ಞತೆಯ ಹಬ್ಬಕ್ಕೂ ಮಕ್ಕಳಿಗೆಂದು ಮಾಡಿದ ಕಾರ್ಟೂನ್ ಚಿತ್ರಗಳು ಟೆಲಿವಿಷನ್ನಿನಲ್ಲಿ ಬರುವುದು ೧೯೬೦ರ ದಶಕದಿಂದ ಸಂಪ್ರದಾಯವೇ ಆಯಿತು. ೧೯೬೪ರಲ್ಲಿ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫನ ಕಥೆ, ೧೯೬೫ರಲ್ಲಿ ಚಾರ್ಲಿ ಬ್ರೌನನ ಕ್ರಿಸ್ಮಸ್, ೧೯೬೬ರಲ್ಲಿ ಹಬ್ಬವನ್ನೇ ಕದಿಯಲು ಹೋದ ಗ್ರಿಂಚನ ಕಥೆ, ೧೯೭೩ರಲ್ಲಿ ಚಾರ್ಲಿ ಬ್ರೌನನ ಥ್ಯಾಂಕ್ಸ್‌ಗಿವಿಂಗ್ ಬಂದುವು. ಇವು ಒಮ್ಮೆ ಆಡಿ ಮುಗಿದ ಆಟಗಳಲ್ಲ. ವರ್ಷವರ್ಷವೂ ಅದೇ ಕಾಲಕ್ಕೆ ಮರಳಿ ಬಂದು, ತಾಯಿ ಕಂಡುದನ್ನು ಮಗಳೂ ಮಗಳು ಕಂಡುದನ್ನು ಮೊಮ್ಮಗಳೂ ಕಾಣುವಂತಾಯಿತು. ರುಡಾಲ್ಫನ ಚಿತ್ರವಂತೂ ಅಂದಿನಿಂದ ಒಂದು ವರ್ಷವೂ ತಪ್ಪದೆ ಪ್ರಸಾರವಾಗುತ್ತ ಬಂದಿದೆ. ಹೀಗೆ ಹಬ್ಬದೊಡನೆ ಮರಳಿ ಮರಳಿ ಬರುವುದು ಮಗುವಿನ ಮನಸ್ಸಿನಲ್ಲಿ ಬರಿಯ ಕಥೆಯಾಗಿ ಉಳಿಯದೆ ಲೋಕದ ನಿಯಮವೆಂಬಂತೆ ನೆಲೆಗೊಳ್ಳುವುದು. ಆದುದರಿಂದ ಈ ಚಿತ್ರಗಳನ್ನು ಕುರಿತು ಒಂದು ಪ್ರಶ್ನೆ ಕೇಳುವುದು ಯೋಗ್ಯವಾಗಿದೆ. ಆ ಹಬ್ಬದ ಮನೆಯಲ್ಲಿ ಯಾರು ಯಾರಿಗೆ ಎಲೆ ಹಾಕಿದ್ದರು? ಹಾಕದೆ ಬಿಟ್ಟುದು ತಪ್ಪೆ? ತಪ್ಪಾದರೆ ಅದನ್ನು ತಿದ್ದುವ ಬಗೆ ಯಾವುದು?

ಈ ವಿಚಾರಕ್ಕೆ ತೊಡಗುವ ಮೊದಲು ಕಾರ್ಟೂನ್ ಚಿತ್ರದ ಸ್ವಭಾವವನ್ನು ಸ್ವಲ್ಪ ಗಮನಿಸಬೇಕು. ಛಾಯಾಗ್ರಾಹಕನು ಬೀದಿಯಲ್ಲಿ ತನ್ನ ಯಂತ್ರವನ್ನು ನಿಲ್ಲಿಸಿದರೆ ಅವನು ಕರೆಯದವರೂ ಚಿತ್ರದೊಳಕ್ಕೆ ಬರುವರು. ದಾರಿಹೋಕನು ಬರುವನು, ಬೀದಿಯ ನಾಯಿ ಬರುವುದು, ಮೂಲೆಯ ಅಂಗಡಿಯವನು ಇಣಿಕಿನೋಡುವನು. ಬರೆದ ಚಿತ್ರದಲ್ಲಿ ಹಾಗಿಲ್ಲ. ಪರದೆಯ ಮೇಲೆ ಸೆಕೆಂಡಿಗೆ ೨೪ ಚೌಕಗಳಂತೆ ಹಾಯುವ ಆ ಬಿಂಬಗಳಲ್ಲಿನ ಒಂದೊಂದು ಮುಖವನ್ನೂ ಯಾರೋ ಕುಳಿತು ಬರೆದಿರಬೇಕು. ಅದಕ್ಕೆ ಬಣ್ಣ ಯಾವುದೆಂದು ಯಾರೋ ನಿಶ್ಚಯಿಸಿರಬೇಕು. ಅಲ್ಲಿ ಆಕಸ್ಮಿಕವಾಗಿ ಬಂದವರು ಯಾರೂ ಇಲ್ಲ. ಆದಕಾರಣ ಆಕಸ್ಮಿಕವಾಗಿ ತಪ್ಪಿಹೋದವರೂ ಇಲ್ಲವೆನ್ನಬೇಕು. ನಿಶ್ಚಯವೆಂದ ಮಾತ್ರಕ್ಕೆ ದುರುದ್ದೇಶವೆಂದು ತಿಳಿಯಬೇಕಾಗಿಲ್ಲ. 'ಒಂದು ಮಗು' ಎಂದೊಡನೆ ಚಿತ್ರಗಾರನ ಮನಸ್ಸಿಗೆ ಯಾವ ಮಗು ಬರುವುದೋ ಅದನ್ನೇ ಅವನ ಕೈ ಬರೆಯುವುದು. ಅಭ್ಯಾಸವೂ ಒಂದು ಬಗೆಯ ನಿಶ್ಚಯವೇ. ಬಹು ಹಿಂದೆ, ಬಹು ಜನ ಸೇರಿ, ತಮಗೇ ತಿಳಿಯದಂತೆ ಮಾಡಿಟ್ಟ ನಿಶ್ಚಯ.

ಟೆಲಿವಿಷನ್ನಿಗೆ ಮೊದಲು, ಸಿನಿಮಾ ಮಂದಿರಗಳ ಕಾಲದಲ್ಲಿ, ಈ ಅಭ್ಯಾಸವು ಇನ್ನೂ ಒರಟಾಗಿದ್ದಿತು. ೧೯೩೨ರಲ್ಲಿ ವಾಲ್ಟ್ ಡಿಸ್ನಿಯವರ ಸಂಸ್ಥೆಯು 'ಸಾಂಟಾಸ್ ವರ್ಕ್‌ಷಾಪ್' ಎಂಬ ವರ್ಣಚಿತ್ರವನ್ನು ಮಾಡಿತು. ಮಕ್ಕಳಿಗೆ ಹಬ್ಬದ ಕಾಣಿಕೆ ತರುವ ಸಾಂಟಾ ಕ್ಲಾಸನ ಕಾರ್ಖಾನೆಯಲ್ಲಿ ಗೊಂಬೆಗಳು ಸಿದ್ಧವಾಗುವ ವಿನೋದವೇ ಅದರ ವಸ್ತು. ಅಲ್ಲಿ ಬಿಳಿಯ ಗೊಂಬೆಯೊಂದು ಮುದ್ದಾಗಿ ಅಮ್ಮನನ್ನು ಕರೆಯುವುದು. ಅದರ ಹಿಂದೆಯೇ ಬರುವ ಕಪ್ಪು ಗೊಂಬೆ 'ಮ್ಯಾಮಿ' ಎಂದು ಕಿರಿಚುವುದು. ಇದು ಬಿಳಿಯರ ಮನೆಯ ಕಪ್ಪು ದಾದಿಗೆ ಸಲ್ಲುತ್ತಿದ್ದ ಹೆಸರು; ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ನಾಟಕದವರ ಬಾಯಲ್ಲಿ ಸವೆದ ಮಾತು. ಒಂದು ಗೊಂಬೆಯ ಕೂಗಿಗೆ ನೋಡುವವರು ಕರಗಬೇಕು. ಇನ್ನೊಂದರ ಕೂಗಿಗೆ ನಗಬೇಕು. ಎರಡೂ ತಾಯಿಯನ್ನು ಕರೆದ ಕೂಗೇ ಆದರೂ ಹೀಗೆ.

ಗೊಂಬೆಯ ಈ ಹಾಸ್ಯದಿಂದ ಯಾರಿಗೇನು ಕೇಡಾಯಿತೆಂದು ಕೇಳುವವರಿಗೆ ಬೇರೆ ಕೆಲವು ಗೊಂಬೆಗಳು ಉತ್ತರ ಹೇಳಿವೆ. ೧೯೪೦ರ ಸುಮಾರಿನಲ್ಲಿ ಕೆನೆತ್ ಕ್ಲಾರ್ಕ್, ಮ್ಯಾಮೀ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿಗಳು ಮೂರರಿಂದ ಏಳು ವರ್ಷ ವಯಸ್ಸಿನ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನುಳಿದು ಮತ್ತೆಲ್ಲ ರೀತಿಯಲ್ಲಿಯೂ ಒಂದೇ ಆಗಿದ್ದ ಗೊಂಬೆಗಳನ್ನಿಟ್ಟು, ಚೆನ್ನಾಗಿರುವುದು ಯಾವುದು, ಕೆಟ್ಟದ್ದಾಗಿ ಕಾಣುವುದು ಯಾವುದು, ನಿನ್ನಂತಿರುವುದು ಯಾವುದು ಎಂದು ಒಂದೊಂದಾಗಿ ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯದನ್ನು ಒಳ್ಳೆಯದೆಂದೂ ಕಪ್ಪನ್ನು ಕೆಟ್ಟದ್ದೆಂದೂ ತೋರಿಸಿದರು. ನಿನ್ನಂತಿರುವುದು ಯಾವುದೆಂಬ ಕಡೆಯ ಪ್ರಶ್ನೆಗೆ ಕೆಲವು ಮಕ್ಕಳು ಉತ್ತರ ಹೇಳಲಾರದೆ ಅತ್ತು ಎದ್ದುಹೋದುವು. ೧೯೫೪ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು, ಬಣ್ಣದ ಮೇಲೆ ಮಕ್ಕಳ ಶಾಲೆಗಳನ್ನು ಬೇರ್ಪಡಿಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪಿತ್ತಾಗ ಆಧಾರವಾಗಿ ಸೂಚಿಸಿದ ಬರೆಹಗಳಲ್ಲಿ ಕೆನೆತ್ ಕ್ಲಾರ್ಕರ ಬರೆಹವೂ ಒಂದು. ಆ ಮಕ್ಕಳಿಗೆ ಹಾಗೆಂದು ಯಾರೂ ಕೂರಿಸಿ ಪಾಠ ಹೇಳಿರಲಿಲ್ಲ. ಅಂಗಡಿಯ ಕಿಟಕಿ, ಪುಸ್ತಕದ ಹಾಳೆ, ಸಿನಿಮಾದ ಪರದೆ, ಬೀದಿಯ ಬೈಗುಳ ಇವೆಲ್ಲ ಸೇರಿ ಹೇಳಿದ್ದುವು. ನಗೆಯ ರೂಪದಲ್ಲಿ ಬಂದ ಪಾಠವನ್ನು ಮಗು ಎಲ್ಲಕ್ಕಿಂತ ಬೇಗ ಕಲಿಯುವುದು.

ಮುಂದಿನ ಕಾಲದಲ್ಲಿ ಈ ಬಗೆಯ ಹಾಸ್ಯ ಹಿಂದೆ ಸರಿಯಿತು. ೧೯೬೪ರ ಜುಲೈ ತಿಂಗಳಲ್ಲಿ ಸಾರ್ವಜನಿಕ ಸ್ಥಳಗಳಲ್ಲಿನ ಭೇದವನ್ನು ನಿಷೇಧಿಸುವ ಕಾಯಿದೆ ಬಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ರುಡಾಲ್ಫನೂ, ಮರುವರ್ಷ ಡಿಸೆಂಬರ್ ೯ರಂದು ಚಾರ್ಲಿ ಬ್ರೌನನೂ ಟೆಲಿವಿಷನ್ನಿನ ಪರದೆಯ ಮೇಲೆ ಬಂದರು. ಕಪ್ಪು ಜನರನ್ನು ಹೀಯಾಳಿಸುವ ಗೊಂಬೆ ಈ ಚಿತ್ರಗಳಲ್ಲಿ ಇಲ್ಲ. ಕಪ್ಪು ಮಗುವೂ ಇಲ್ಲ. ಅವಮಾನ ಹೋದ ಎಡೆಯಲ್ಲಿ ಗೌರವ ಬರಲಿಲ್ಲ, ಬರಿದು ಜಾಗ ಬಂದಿತು. ಎಲೆಯನ್ನು ಹೊರಗೆ ಹಾಕುವುದು ತಪ್ಪೆಂದು ತಿಳಿದ ಮನೆಯವರು ಒಳಗೆ ಹಾಕುವ ಧೈರ್ಯವಿಲ್ಲದೆ ಎಲೆಯನ್ನೇ ಹಾಕದೆ ಬಿಟ್ಟಂತಾಯಿತು.

ಚಾರ್ಲಿ ಬ್ರೌನನ ಕ್ರಿಸ್ಮಸ್ ಚಿತ್ರದ ಗುಣವನ್ನು ಕಡಮೆಮಾಡಿ ಹೇಳುವುದು ನ್ಯಾಯವಲ್ಲ. ಹಬ್ಬವು ವ್ಯಾಪಾರವಾಗಿಹೋಯಿತಲ್ಲಾ ಎಂದು ಕೊರಗುವ ಹುಡುಗನೊಬ್ಬನು ಅಂಗಡಿಯಲ್ಲಿ ಥಳಥಳಿಸುವ ಲೋಹದ ಮರಗಳನ್ನೆಲ್ಲ ಬಿಟ್ಟು, ಯಾರಿಗೂ ಬೇಡವಾದ ಒಂದು ಬಡಕಲು ಗಿಡವನ್ನು ಆರಿಸಿಕೊಂಡು ಬರುವನು. ಎಲ್ಲರೂ ಅವನನ್ನು ಹಾಸ್ಯಮಾಡಿ ಕಡೆಗೆ ಅವರೇ ಆ ಗಿಡವನ್ನು ಅಲಂಕರಿಸುವರು. ಪಾತ್ರಗಳಿಗೆ ಧ್ವನಿ ಕೊಟ್ಟವರು ಮಕ್ಕಳೇ. ಪ್ರೇಕ್ಷಕರ ಪರವಾಗಿ ನಗುವ ಕೃತಕ ನಗೆಯನ್ನು ಅದರಲ್ಲಿ ಸೇರಿಸಲಿಲ್ಲ. ಪ್ರಸಾರ ಸಂಸ್ಥೆಯ ಅಧಿಕಾರಿಗಳಿಗೆ ಅದು ಮೆಚ್ಚಿಗೆಯಾಗದಿದ್ದರೂ ಜನ ಮೆಚ್ಚಿದರು. ಬೇಡವಾದುದರ ಕಡೆಗೆ ಅಷ್ಟು ಮರುಕವುಳ್ಳ ಆ ಚಿತ್ರದಲ್ಲಿ ಹಿಮದ ಮೇಲೆ ಜಾರಾಡುವ ಮಕ್ಕಳೆಲ್ಲ ಒಂದೇ ಬಣ್ಣದವರು. ಮರುಕವಿದ್ದ ಕಣ್ಣಿಗೂ ಕಾಣದ ಎಡೆಗಳಿರುವುವೆಂಬುದಕ್ಕೆ ಇದಕ್ಕಿಂತ ಮೃದುವಾದ ನಿದರ್ಶನ ಸಿಕ್ಕಲಾರದು. ಮೃದುವಾದುದರಿಂದಲೇ ಅದು ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುವುದು.

ಪರದೆಯ ಮುಂಭಾಗ ಹೀಗಿದ್ದಾಗ ಅದರ ಹಿಂಭಾಗ ಹೇಗಿದ್ದಿತೆಂಬುದನ್ನು ನೋಡಿದರೆ ಆಶ್ಚರ್ಯವಾಗುವುದು. ಚಾರ್ಲಿ ಬ್ರೌನನ ಚಿತ್ರವನ್ನು ನಿರ್ದೇಶಿಸಿದ ಬಿಲ್ ಮೆಲೆಂಡೆಝ್ ಮೆಕ್ಸಿಕೋ ದೇಶದ ಎರ್ಮೊಸಿಯ್ಯೊ ಪಟ್ಟಣದಲ್ಲಿ ಹುಟ್ಟಿದವರು. ಸ್ನೂಪಿಯೆಂಬ ನಾಯಿಗೆ ಧ್ವನಿ ಕೊಟ್ಟವರೂ ಅವರೇ. ಅದರ ನಿರ್ಮಾಪಕರೂ, ಅದರಲ್ಲಿನ ಹಾಡಿನ ಮಾತುಗಳನ್ನು ಬರೆದವರೂ ಆದ ಲೀ ಮೆಂಡೆಲ್‌ಸನ್ ಯೆಹೂದ್ಯರು. ರುಡಾಲ್ಫನನ್ನು ಸೃಷ್ಟಿಸಿದ ರಾಬರ್ಟ್ ಮೇ ಎಂಬವರೂ ಯೆಹೂದ್ಯರೇ. ಅವರು ಷಿಕಾಗೋ ನಗರದ ಮಾಂಟ್ಗೊಮೆರಿ ವಾರ್ಡ್ ಎಂಬ ದೊಡ್ಡ ಅಂಗಡಿಯಲ್ಲಿ ಜಾಹೀರಾತು ಬರೆಯುವ ಕೆಲಸದಲ್ಲಿದ್ದು, ೧೯೩೯ರಲ್ಲಿ ಗಿರಾಕಿಗಳ ಮಕ್ಕಳಿಗೆ ಹಂಚಲೆಂದು ಆ ಕಥೆಯನ್ನು ಬರೆದರು. ಆ ಒಂದು ವರ್ಷದಲ್ಲೇ ೨೪ ಲಕ್ಷ ಪ್ರತಿಗಳು ಹಂಚಿಹೋದುವು. ರುಡಾಲ್ಫನ ಹಾಡನ್ನು ರಚಿಸಿದ ಜಾನಿ ಮಾರ್ಕ್ಸ್ ಮೇ ಅವರ ಭಾವಮೈದುನ. ೧೯೬೪ರ ಚಿತ್ರದ ಬೊಂಬೆಗಳನ್ನು ಒಂದೊಂದು ಎಳೆಯಷ್ಟು ಕದಲಿಸಿ ಒಂದೊಂದು ಚೌಕವಾಗಿ ತೆಗೆದವರು ಟೋಕಿಯೋ ನಗರದ ತದಾಹಿತೊ ಮೋಚಿನಾಗ ಎಂಬವರ ಶಾಲೆಯ ಜಪಾನೀ ಕುಶಲಿಗಳು. ಗ್ರಿಂಚನ ಕಥೆಯನ್ನು ಹೇಳಿದ ಗಂಭೀರಧ್ವನಿ ಬೋರಿಸ್ ಕಾರ್ಲಾಫ್ ಎಂಬ ನಟರದು. ಅವರ ಹುಟ್ಟುಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ತಂದೆ ಭಾರತದಲ್ಲಿ ಉಪ್ಪಿನ ಸುಂಕದ ಇಲಾಖೆಯಲ್ಲಿ ಕೆಲಸಮಾಡಿದವರು. ಅವರ ವಂಶದಲ್ಲಿ ಭಾರತದ ರಕ್ತವೂ ಬೆರೆತಿದ್ದಿತು. ಅಮೆರಿಕದ ಹಬ್ಬದ ಮಕ್ಕಳಿಗೆ ಕಥೆ ಹೇಳಿದ ಬಾಯಿ, ಬೊಂಬೆ ಕುಣಿಸಿದ ಕೈ, ಹಾಡು ಕಟ್ಟಿದ ಮನಸ್ಸು ಹೀಗೆ ನಾನಾ ಜನರವು. ಅಡುಗೆಗೆ ಹಲವರು ಕೈಹಾಕಿದ್ದರೂ ಪಂಕ್ತಿಯಲ್ಲಿ ಕುಳಿತ ಮುಖ ಒಂದೇ ತೆರದ್ದಾಯಿತು.

ಇಲ್ಲಿ ಕೆಲವು ಪೂರ್ವಪಕ್ಷಗಳು ಏಳುವುವು. ಅವುಗಳಲ್ಲಿ ಮೊದಲನೆಯದು ಕಲೆಯ ಸ್ವರೂಪವನ್ನು ಹಿಡಿದು ಹೊರಟುದು. ಕಥೆಯ ಸತ್ಯವು ಬಣ್ಣಕ್ಕೆ ಮೀರಿದುದಲ್ಲವೆ? ರುಡಾಲ್ಫನು ಮನುಷ್ಯನೇ ಅಲ್ಲ, ಹಿಮಸಾರಂಗ. ಅವನ ಕೆಂಪು ಮೂಗನ್ನು ಕಂಡು ಮಿಕ್ಕವು ನಗುವಾಗ, ಯಾವುದೋ ಕಾರಣಕ್ಕೆ ಜನರ ನಗೆಗೆ ಗುರಿಯಾದ ಪ್ರತಿಯೊಂದು ಮಗುವೂ ಅವನಲ್ಲಿ ತನ್ನನ್ನು ಕಾಣಬಹುದು. ಪಂಚತಂತ್ರದ ಸಿಂಹವನ್ನೂ ನರಿಯನ್ನೂ ಕುರಿತು ಅವು ಯಾವ ಜಾತಿಯವೆಂದು ಕೇಳುವವರುಂಟೆ?

ಈ ಮಾತಿನಲ್ಲಿ ಹುರುಳಿದೆ. ರಾಬರ್ಟ್ ಮೇ ಬಾಲ್ಯದಲ್ಲಿ ತಮ್ಮ ಓರಗೆಯವರಿಗಿಂತ ಕುಳ್ಳಾಗಿ, ನಾಚಿಕೆಯ ಸ್ವಭಾವದವರಾಗಿ ಇದ್ದು ಪಟ್ಟ ಪಾಡೇ ಆ ಕಥೆಯ ಬೀಜ. ಅದನ್ನು ಅವರು ಬರೆಯುತ್ತಿದ್ದ ದಿನಗಳಲ್ಲಿ ಅವರ ಹೆಂಡತಿ ಕ್ಯಾನ್ಸರ್ ರೋಗದಿಂದ ಸಾಯುವ ಸ್ಥಿತಿಯಲ್ಲಿದ್ದರು. ಅಂಥ ಎದೆಯಿಂದ ಬಂದ ಕಥೆಯಲ್ಲಿ ತೋರಿಕೆಯ ಮಾತಿಲ್ಲ. ಆದರೂ ಆ ಕಥೆ ನಡೆಯುವ ರೀತಿಯನ್ನು ಒಂದಿಷ್ಟು ವಿಚಾರಿಸಬೇಕು. ೧೯೬೪ರ ಚಿತ್ರದಲ್ಲಿ ರುಡಾಲ್ಫನ ತಂದೆಯೇ ಮಗನ ಮೂಗಿಗೆ ನಾಚಿ ಅದನ್ನು ಮರೆಮಾಡುವನು. ಆಟ ಕಲಿಸುವ ಗುರುವೇ ಇವನನ್ನು ಆಟಕ್ಕೆ ಸೇರಿಸಬೇಡಿರೆಂದು ವಿಧಿಸುವನು. ಕಡೆಗೆ ಹಬ್ಬದ ರಾತ್ರಿ ಬಿರುಗಾಳಿ ಹಿಮ ಕವಿದು ಸಾಂಟಾನ ಬಂಡಿಗೆ ದಾರಿ ಕಾಣದಾದಾಗ ಆ ಮೂಗಿನ ಬೆಳಕು ಬೇಕಾಗುವುದು. ಆಗ ಎಲ್ಲರೂ ಅವನನ್ನು ಕೊಂಡಾಡುವರು. ಆ ರಾತ್ರಿ ಆಕಾಶ ತಿಳಿಯಾಗಿದ್ದರೆ ರುಡಾಲ್ಫನ ಗತಿ ಏನಾಗುತ್ತಿದ್ದಿತು? ಕಥೆ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಭಿನ್ನನಾದವನು ಉಪಯೋಗಕ್ಕೆ ಬಂದಾಗ ಮಾತ್ರ ಮನ್ನಣೆಗೆ ಪಾತ್ರನೆಂಬ ನೀತಿ ಅದರೊಳಗೆ ಸದ್ದಿಲ್ಲದೆ ಸೇರಿಕೊಂಡಿದೆ. ಯುದ್ಧ ಬಂದಾಗ ಸೈನ್ಯಕ್ಕೆ ಕರೆದು, ಮುಗಿದಮೇಲೆ ಬೇರೆ ಬಾಗಿಲು ತೋರಿಸಿದ ದೇಶದಲ್ಲಿ ಕಪ್ಪು ಮಕ್ಕಳ ತಂದೆಗಳಿಗೆ ಈ ನೀತಿ ಹೊಸದಾಗಿರಲಿಲ್ಲ.

ಅದೇ ಚಿತ್ರದಲ್ಲಿ ಇದಕ್ಕಿಂತ ಆಳವಾದ ಒಂದು ಕಲ್ಪನೆಯೂ ಇದೆ. ಅದು ಬೇಡವಾದ ಆಟಿಕೆಗಳ ದ್ವೀಪ. ಚೌಕನೆಯ ಗಾಲಿಯ ರೈಲುಬಂಡಿ, ಈಜಲಾರದೆ ಹಾರುವ ಹಕ್ಕಿಗಿಂತ ಹಾರಲಾರದೆ ಈಜುವ ಹಕ್ಕಿಯಾಗಿಹೋದ ಬೊಂಬೆ, ಹೀಗೆ ಯಾವ ಮಗುವೂ ಒಲ್ಲೆನೆಂದ ಆಟಿಕೆಗಳೆಲ್ಲ ಅಲ್ಲಿ ಕಾಯುತ್ತಿರುವುವು. ಇವುಗಳಿಂದ ಯಾರಿಗೂ ಯಾವ ಕೆಲಸವೂ ಆಗಬೇಕಾಗಿಲ್ಲ. ಮೊದಲ ಸಲ ಚಿತ್ರ ಪ್ರಸಾರವಾದಾಗ ಇವುಗಳ ಬಿಡುಗಡೆಯನ್ನು ಅದು ತೋರಿಸಲೇ ಇಲ್ಲ. ನಾಯಕನಿಗೆ ಜಯವಾದಮೇಲೆ ಕಥೆ ಮುಗಿಯಿತೆಂದು ಮಾಡಿದವರು ಬಗೆದಿದ್ದರು. ಆದರೆ ನೋಡಿದವರು ಹಾಗೆ ಬಗೆಯಲಿಲ್ಲ. ಆ ಆಟಿಕೆಗಳೇನಾದುವೆಂದು ಕೇಳಿ ಕಾಗದಗಳು ಬಂದುವು. ಅದರಿಂದಾಗಿ ೧೯೬೫ರ ಪ್ರಸಾರಕ್ಕೆ, ಸಾಂಟಾನ ಬಂಡಿ ಆ ದ್ವೀಪದಲ್ಲಿ ಇಳಿದು ಅವುಗಳನ್ನು ಕರೆದೊಯ್ಯುವ ದೃಶ್ಯವನ್ನು ಹೊಸದಾಗಿ ಮಾಡಿ ಸೇರಿಸಿದರು. ಯಾರನ್ನೂ ಬಿಟ್ಟುಬಂದರೆ ಹಬ್ಬ ಮುಗಿದಂತಲ್ಲವೆಂಬ ನ್ಯಾಯವನ್ನು ಕಥೆ ಹೇಳುವವರಿಗೆ ಕೇಳುವವರು ಕಲಿಸಿದರು. ಕಾರ್ಟೂನ್ ಚಿತ್ರದಲ್ಲಿ ಇಲ್ಲದವರನ್ನು ಬರೆದು ಸೇರಿಸುವುದು ಅಸಾಧ್ಯವೂ ಅಲ್ಲ, ಕಲೆಗೆ ಹಾನಿಯೂ ಅಲ್ಲವೆಂಬುದು ಇದರಿಂದ ಗೊತ್ತಾಗುವುದು. ಬೊಂಬೆಗಳಿಗಾಗಿ ಮಾಡಿದ ಈ ಉಪಚಾರ ಮಕ್ಕಳಿಗಾಗಿ ಏಕೆ ಕೂಡದು?

ಹೀಗೆಂದು ಕೇಳಿದವರು ಲಾಸ್ ಏಂಜಲೀಸ್ ನಗರದ ಹ್ಯಾರಿಯೆಟ್ ಗ್ಲಿಕ್‌ಮನ್ ಎಂಬ ಉಪಾಧ್ಯಾಯಿನಿ. ೧೯೬೮ರ ಏಪ್ರಿಲ್ ೪ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಹನ್ನೊಂದು ದಿನಗಳಮೇಲೆ, ಏಪ್ರಿಲ್ ೧೫ರಂದು, ಆಕೆ ಚಾರ್ಲಿ ಬ್ರೌನನ ಸೃಷ್ಟಿಕರ್ತರಾದ ಚಾರ್ಲ್ಸ್ ಶುಲ್ಜ್ ಅವರಿಗೆ ಕಾಗದ ಬರೆದು, ಅವರ ಮಕ್ಕಳ ಗುಂಪಿನಲ್ಲಿ ಕಪ್ಪು ಜನಾಂಗದ ಮಗುವೂ ಇರಬೇಕೆಂದು ಬೇಡಿದರು. ಆ ವೇಳೆಗೆ ಶುಲ್ಜರ ವೃತ್ತಪತ್ರಿಕೆಯ ಚಿತ್ರಮಾಲೆ ಆರಂಭವಾಗಿ ಹದಿನೇಳು ವರ್ಷ ಕಳೆದಿದ್ದುವು. ಶುಲ್ಜರು ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ಹಾಗೆ ಮಾಡಲು ತಮಗೆ ಮನಸ್ಸಿದೆ. ಆದರೆ ಅದು ಮೇಲೆ ನಿಂತು ಕೈನೀಡಿದಂತೆ, ಅನುಗ್ರಹ ತೋರಿದಂತೆ ಆದೀತೆಂಬ ಭಯ ತಮ್ಮನ್ನು ತಡೆಯುತ್ತಿದೆ ಎಂಬುದು ಅದರ ತಾತ್ಪರ್ಯ.

ಇದೇ ಎರಡನೆಯ ಪೂರ್ವಪಕ್ಷ, ಮೊದಲನೆಯದಕ್ಕಿಂತ ಸೂಕ್ಷ್ಮವಾದುದು. ಬಿಡುವುದು ತಪ್ಪು, ಆದರೆ ಸೇರಿಸುವುದರಲ್ಲಿಯೂ ಒಂದು ತಪ್ಪಿದೆ. ಸೇರಿಸುವವನು ಯಜಮಾನ, ಸೇರಿಕೊಳ್ಳುವವನು ಆಶ್ರಿತ ಎಂಬ ಭಾವ ಅದರೊಳಕ್ಕೆ ನುಸುಳಬಹುದು. ದಾನದ ದೊಡ್ಡಸ್ತಿಕೆಯಿಂದ ಪಡೆದವನ ಬೆನ್ನು ಬಾಗುವುದನ್ನು ಲೋಕವೆಲ್ಲ ಕಂಡಿದೆ. ಹಾಗಾದರೆ ಒಳ್ಳೆಯ ಮನಸ್ಸಿನವನು ಏನು ಮಾಡಬೇಕು? ತಪ್ಪು ಮಾಡೇನೆಂಬ ಭಯದಿಂದ ಸುಮ್ಮನಿರಬೇಕೆ? ಸುಮ್ಮನಿರುವುದರಿಂದ ತನ್ನ ಮನಸ್ಸು ಶುದ್ಧವಾಗಿ ಉಳಿಯಬಹುದು. ಮಗುವಿನ ಪಾಲಿಗೆ ಜಾಗ ಬರಿದಾಗಿಯೇ ಉಳಿಯುವುದು. ತನ್ನ ಶುದ್ಧಿಗಾಗಿ ಇನ್ನೊಬ್ಬರ ಹಕ್ಕನ್ನು ತಡೆಹಿಡಿಯುವುದು ಧರ್ಮವೆನಿಸಲಾರದು.

ಗ್ಲಿಕ್‌ಮನ್ ಮಾಡಿದ ಮುಂದಿನ ಕೆಲಸ ವಿವೇಕದ್ದು. ಅನುಗ್ರಹವೋ ಅಲ್ಲವೋ ಎಂಬುದನ್ನು ತಾವೂ ಶುಲ್ಜರೂ ಕುಳಿತು ತೀರ್ಮಾನಿಸುವ ಬದಲು, ತಮಗೆ ಪರಿಚಿತರಾದ ಕಪ್ಪು ಜನಾಂಗದ ಗೃಹಸ್ಥರನ್ನೇ ಕೇಳಿದರು. ಇಬ್ಬರು ಗಂಡುಮಕ್ಕಳ ತಂದೆಯಾದ ಒಬ್ಬರು ಶುಲ್ಜರಿಗೆ ಬರೆದರು. ಅನುಗ್ರಹ ತೋರಿದರೆಂಬ ಅಪವಾದ ಬಂದರೂ ಆಗುವ ಒಳಿತಿನ ಮುಂದೆ ಅದು ಸಣ್ಣ ಬೆಲೆಯೇ. ದೊಡ್ಡ ಪಾತ್ರವೇ ಬೇಕೆಂದಿಲ್ಲ, ದಿನನಿತ್ಯದ ಗುಂಪಿನಲ್ಲಿ ಒಬ್ಬನಾಗಿ ಸಹಜವಾಗಿ ಬಂದರೆ ಸಾಕು ಎಂಬುದು ಅವರ ಅಭಿಪ್ರಾಯ. ೧೯೬೮ರ ಜುಲೈ ೩೧ರಂದು ಫ್ರಾಂಕ್ಲಿನ್ ಎಂಬ ಹುಡುಗ ಶುಲ್ಜರ ಚಿತ್ರದಲ್ಲಿ ಕಾಣಿಸಿಕೊಂಡನು. ಅಲೆ ಒಯ್ದ ಚೆಂಡನ್ನು ತಂದು ಚಾರ್ಲಿ ಬ್ರೌನನಿಗೆ ಕೊಟ್ಟನು; ಇಬ್ಬರೂ ಸಮುದ್ರದ ದಂಡೆಯಲ್ಲಿ ಮರಳಿನ ಕೋಟೆ ಕಟ್ಟಿದರು. ಆ ದೇಶದ ಎಷ್ಟೋ ಕಡಲತೀರಗಳಲ್ಲಿ ಅಂಥ ಇಬ್ಬರು ಮಕ್ಕಳು ಒಟ್ಟಿಗೆ ಆಡುವಂತಿರದಿದ್ದುದು ಆಗ ಹಳೆಯ ನೆನಪಾಗಿರಲಿಲ್ಲ. ಆಮೇಲೆ ಅವನನ್ನು ಶಾಲೆಯ ಕೊಠಡಿಯಲ್ಲಿ ಬಿಳಿಯ ಮಕ್ಕಳೊಡನೆ ಕೂರಿಸಿ ಬರೆದಾಗ, ಕಪ್ಪು ಹುಡುಗನಿರಲಿ, ಆದರೆ ಒಂದೇ ಶಾಲೆಯಲ್ಲಿ ಮಾತ್ರ ತೋರಿಸಬೇಡಿರೆಂದು ದಕ್ಷಿಣದ ಪತ್ರಿಕಾ ಸಂಪಾದಕರೊಬ್ಬರು ಬರೆದರೆಂದೂ, ತಾವು ಅದಕ್ಕೆ ಉತ್ತರವನ್ನೇ ಕೊಡಲಿಲ್ಲವೆಂದೂ ಶುಲ್ಜರು ಮುಂದೆ ಹೇಳಿದ್ದಾರೆ. ಆ ಸಂಪಾದಕರ ಮಾತು ಪಂಕ್ತಿಭೇದದ ಲಕ್ಷಣವಾಕ್ಯದಂತಿದೆ: ಇರಲಿ, ಆದರೆ ಜೊತೆಗೆ ಕೂರುವುದು ಬೇಡ.

ಇಷ್ಟಾದಮೇಲೆ ೧೯೭೩ರ ನವೆಂಬರ್ ೨೦ರಂದು ಥ್ಯಾಂಕ್ಸ್‌ಗಿವಿಂಗ್ ಚಿತ್ರ ಬಂದಿತು. ಕರ್ತೃ ಅದೇ ಶುಲ್ಜರು. ಚಾರ್ಲಿ ಬ್ರೌನನ ಮನೆಯ ಹಿತ್ತಿಲಲ್ಲಿ ಟೇಬಲ್ ಟೆನಿಸ್ ಆಡುವ ಮೇಜನ್ನು ಹಾಕಿ ಮಕ್ಕಳಿಗೆ ಊಟ. ಅಡುಗೆ ಸ್ನೂಪಿಯದು, ಸುಟ್ಟ ರೊಟ್ಟಿ, ಜೋಳದ ಅರಳು, ಮಿಠಾಯಿಗಳು. ಫ್ರಾಂಕ್ಲಿನನಿಗೂ ಕರೆಯಿದ್ದು ಅವನೂ ಬಂದಿದ್ದಾನೆ. ಆದರೆ ಮಿಕ್ಕವರೆಲ್ಲ ಎದುರಿನ ಸಾಲಿನಲ್ಲೂ ಮೇಜಿನ ತುದಿಗಳಲ್ಲೂ ಕುಳಿತಿರಲು, ಮೇಜಿನ ಒಂದು ಪಕ್ಕದಲ್ಲಿ ಫ್ರಾಂಕ್ಲಿನನೊಬ್ಬನೇ, ಮಡಿಸುವ ಕುರ್ಚಿಯ ಮೇಲೆ ಕುಳಿತಿದ್ದಾನೆ. ಅವನ ಎಡಬಲಗಳಲ್ಲಿ ಯಾರೂ ಇಲ್ಲ. ಇದರಲ್ಲಿ ಕೇಡಿನ ಉದ್ದೇಶವಿದ್ದಿತೆಂದು ಹೇಳಲು ಆಧಾರವಿಲ್ಲ. ಕಪ್ಪು ಹುಡುಗನನ್ನು ಶಾಲೆಯಲ್ಲಿ ಕೂರಿಸಲು ಹಟ ಹಿಡಿದವರು ಊಟದ ಮೇಜಿನಲ್ಲಿ ಬೇಕೆಂದೇ ಬೇರೆ ಮಾಡಿದರೆಂಬುದು ನಂಬತಕ್ಕ ಮಾತಲ್ಲ. ಆದರೆ ಬರೆದ ಚಿತ್ರದಲ್ಲಿ ಕುರ್ಚಿ ತಾನಾಗಿ ಬಂದು ನಿಲ್ಲುವುದಿಲ್ಲ. ಎಷ್ಟೋ ಕೈಗಳು ಆ ಹಾಳೆಯನ್ನು ದಾಟಿಸಿದುವು. ಎಷ್ಟೋ ಕಣ್ಣುಗಳು ಅದನ್ನು ನೋಡಿ ಸರಿಯೆಂದುವು. ಯಾರಿಗೂ ಅದು ಎದ್ದು ಕಾಣಲಿಲ್ಲ. ಬೇರೆ ಕೂರಿಸಿದುದು ಯಾರ ಕಣ್ಣಿಗೂ ಬೀಳದಿರುವುದೇ ಆ ಪದ್ಧತಿ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ. ಆದರೆ ಪ್ರತಿ ವರ್ಷವೂ ಆ ಮೇಜನ್ನು ನೋಡುತ್ತ ಬೆಳೆದ ಕಪ್ಪು ಮಕ್ಕಳಿಗೆ ಅದನ್ನು ತೋರಿಸಿಕೊಡಬೇಕಾದ ಅಗತ್ಯವಿರಲಿಲ್ಲ.

ಇದರೊಡನೆ ೧೯೬೬ರ ಗ್ರಿಂಚನ ಚಿತ್ರದ ಕಡೆಯ ದೃಶ್ಯವನ್ನು ಹೋಲಿಸಿ ನೋಡಬಹುದು. ಗ್ರಿಂಚನು ಊರವರ ಕಾಣಿಕೆಗಳನ್ನೂ ಊಟವನ್ನೂ ಕದ್ದವನು. ಮನಸ್ಸು ತಿರುಗಿ ಎಲ್ಲವನ್ನೂ ಹಿಂದಕ್ಕೆ ತಂದಾಗ ಊರವರು ಅವನನ್ನು ಮೇಜಿನ ಮೂಲೆಯಲ್ಲಿ ಕೂರಿಸುವುದಿಲ್ಲ. ಹಬ್ಬದ ಮಾಂಸವನ್ನು ಕೊಯ್ದು ಬಡಿಸುವ ಯಜಮಾನನ ಗೌರವವನ್ನೇ ಅವನಿಗೆ ಕೊಡುವರು. ಹಸುರು ಬಣ್ಣದ ಕಳ್ಳನಿಗೆ ಸಂದ ಈ ಗೌರವ, ಯಾವ ತಪ್ಪನ್ನೂ ಮಾಡದೆ ಕರೆದ ಹೊತ್ತಿಗೆ ಬಂದ ಕಪ್ಪು ಹುಡುಗನಿಗೆ ಏಳು ವರ್ಷಗಳಾದಮೇಲೂ ಸಲ್ಲಲಿಲ್ಲ. ಕಲ್ಪನೆಯ ಪ್ರಾಣಿಗೆ ಉದಾರಿಯಾಗುವುದು ಸುಲಭ. ಅದು ನಾಳೆ ಎದುರು ಮನೆಗೆ ಬಾಡಿಗೆಗೆ ಬರುವುದಿಲ್ಲ. ಕಥೆಯ ಸತ್ಯ ಬಣ್ಣಕ್ಕೆ ಮೀರಿದುದೆಂಬ ಮೊದಲ ಪೂರ್ವಪಕ್ಷಕ್ಕೆ ಇಲ್ಲಿ ಪೂರ್ಣವಾದ ಉತ್ತರ ಸಿಕ್ಕುವುದು. ಪ್ರಾಣಿಗಳ ನೀತಿಕಥೆ ಹೃದಯವನ್ನು ಹದಮಾಡಬಲ್ಲುದು. ಹದವಾದ ಹೃದಯ ಯಾರ ಕಡೆಗೆ ತಿರುಗಬೇಕೆಂಬುದನ್ನು ಅದು ಹೇಳಲಾರದು. ಅದಕ್ಕೆ ಮನುಷ್ಯರ ಮುಖವೇ ಬೇಕು.

ಪಂಕ್ತಿಯಲ್ಲಿ ಜಾಗ ಪಡೆಯುವುದಕ್ಕಿಂತ ಮೇಲಾದ ಇನ್ನೊಂದು ಸ್ಥಿತಿಯುಂಟು. ತಾನೇ ಮನೆಯವನಾಗಿ ಇತರರಿಗೆ ಎಲೆ ಹಾಕುವುದು. ೧೯೭೭ರ ಡಿಸೆಂಬರಿನಲ್ಲಿ ಬಂದ 'ಫ್ಯಾಟ್ ಆಲ್ಬರ್ಟ್' ಕ್ರಿಸ್ಮಸ್ ಚಿತ್ರದಲ್ಲಿ ಇದು ಕಾಣುವುದು. ಹಳೆಯ ಸಾಮಾನು ಬಿಸಾಡುವ ಬಯಲಿನಲ್ಲಿ ಗುಡಿಸಿಲು ಕಟ್ಟಿಕೊಂಡ ಕಪ್ಪು ಹುಡುಗರು ಹಬ್ಬದ ನಾಟಕ ಅಭ್ಯಾಸಮಾಡುತ್ತಿರುವಾಗ, ಕಾರು ಕೆಟ್ಟು ನಿಂತ ಒಂದು ಬಡ ಸಂಸಾರ ಆಸರೆ ಕೇಳಿಕೊಂಡು ಬರುವುದು. ತಾಯಿ ತುಂಬು ಗರ್ಭಿಣಿ. ಜಾಗದ ಒಡೆಯ ಗುಡಿಸಿಲನ್ನು ಕೆಡವುವೆನೆಂದು ಹೆದರಿಸುತ್ತಿದ್ದರೂ ಹುಡುಗರು ಅವರನ್ನು ಒಳಗೆ ಕರೆದುಕೊಳ್ಳುವರು. ಆ ಗುಡಿಸಿಲಿನಲ್ಲಿಯೇ ಮಗು ಹುಟ್ಟುವುದು. ಇಲ್ಲಿ ಕಪ್ಪು ಮಕ್ಕಳು ಯಾರ ದಯೆಯನ್ನೂ ಕಾಯುತ್ತಿಲ್ಲ. ದಯೆ ಅವರಿಂದಲೇ ಹೊರಡುವುದು. ಮೇಲೆ ನಿಂತು ಕೈನೀಡಿದಂತಾಗುವುದೆಂಬ ಶುಲ್ಜರ ಭಯಕ್ಕೆ ನಿಜವಾದ ಮದ್ದು ಇದು.

ಕಡೆಯ ಪ್ರಶ್ನೆ ಹಳೆಯ ಚಿತ್ರಗಳನ್ನು ಏನು ಮಾಡಬೇಕೆಂಬುದು. 'ಸಾಂಟಾಸ್ ವರ್ಕ್‌ಷಾಪ್' ಚಿತ್ರದ ಕಪ್ಪು ಗೊಂಬೆಯ ಭಾಗವನ್ನು ಮುಂದೆ ಟೆಲಿವಿಷನ್ನಿನಲ್ಲಿ ತೋರಿಸುವಾಗ ಕತ್ತರಿಸಿದರು. ಹಬ್ಬದ ದಿನ ಕುಳಿತು ನೋಡುವ ಎಳೆಯ ಮಗುವಿಗೆ ಅವಮಾನವನ್ನು ಬಡಿಸುವುದು ಬೇಡವೆಂಬ ಮಟ್ಟಿಗೆ ಇದು ಸರಿಯೇ. ಆದರೆ ಕತ್ತರಿಸಿದುದನ್ನು ಮರೆತೇಬಿಟ್ಟರೆ, ಆ ಮನೆಯಲ್ಲಿ ಭೇದ ನಡೆದೇ ಇರಲಿಲ್ಲವೆಂಬ ಸುಳ್ಳು ಹುಟ್ಟುವುದು. ನೊಂದವರ ನೆನಪಿಗೆ ಸಾಕ್ಷಿಯೇ ಇಲ್ಲದಾಗುವುದು. ಈ ಶತಮಾನದಲ್ಲಿ ವಾರ್ನರ್ ಸಂಸ್ಥೆಯವರು ತಮ್ಮ ಹಳೆಯ ಕಾರ್ಟೂನುಗಳನ್ನು ಮಾರುವಾಗ, ಇಂಥ ಚಿತ್ರಣ ಅಂದೂ ತಪ್ಪು, ಇಂದೂ ತಪ್ಪು, ಆದರೂ ಅಳಿಸಿದರೆ ಅದು ಇರಲೇ ಇಲ್ಲವೆಂದಂತಾಗುವುದು ಎಂಬ ಅರ್ಥದ ಮಾತನ್ನು ಮೊದಲಲ್ಲಿ ಸೇರಿಸಿದರು. ಬೆಳೆದವರಿಗೆ ಮುಚ್ಚುಮರೆಯಿಲ್ಲದೆ ತೋರಿಸಿ, ಎಳೆಯರಿಗೆ ಪಕ್ಕದಲ್ಲಿ ಕುಳಿತು ಹೇಳಿ ತೋರಿಸುವುದೇ ಉಚಿತವಾದ ಮಾರ್ಗ. ಆ ಕಾಲದವರನ್ನು ಈ ಕಾಲದ ಅಳತೆಯಲ್ಲಿ ಅಳೆಯಬಾರದೆಂಬ ವಾದಕ್ಕೂ ಇದರಲ್ಲೇ ಸಮಾಧಾನವಿದೆ. ಅಳೆಯುವುದು ಸತ್ತವರನ್ನು ದಂಡಿಸುವುದಕ್ಕಲ್ಲ; ಬದುಕಿರುವವರು ಇನ್ನೂ ಬಡಿಸುತ್ತಿರುವ ಪಂಕ್ತಿಯನ್ನು ನೋಡಿಕೊಳ್ಳುವುದಕ್ಕೆ.

೨೦೨೪ರ ಫೆಬ್ರವರಿ ತಿಂಗಳಲ್ಲಿ ಫ್ರಾಂಕ್ಲಿನನನ್ನೇ ನಾಯಕನನ್ನಾಗಿ ಮಾಡಿದ ಹೊಸ ಕಾರ್ಟೂನ್ ಚಿತ್ರವೊಂದು ಬಂದಿತು. ಅದರ ಕಥೆ ಬರೆದವರಲ್ಲಿ ರಾಬ್ ಆರ್ಮ್‌ಸ್ಟ್ರಾಂಗ್ ಎಂಬ ಕಪ್ಪು ಜನಾಂಗದ ವ್ಯಂಗ್ಯಚಿತ್ರಕಾರರೂ ಒಬ್ಬರು. ಶುಲ್ಜರು ತಾವು ಬದುಕಿದ್ದಾಗಲೇ ಈ ಗೆಳೆಯರ ಒಪ್ಪಿಗೆ ಕೇಳಿ ಅವರ ಮನೆತನದ ಹೆಸರನ್ನೇ ಫ್ರಾಂಕ್ಲಿನನಿಗೆ ಇಟ್ಟಿದ್ದರು. ಹೊಸ ಚಿತ್ರದಲ್ಲಿ ಹಳೆಯ ಮೇಜಿನ ನೆನಪು ಮರಳುವುದು. ಮಕ್ಕಳೆಲ್ಲ ಒಂದು ಕಡೆ ಕುಳಿತಿರಲು ಫ್ರಾಂಕ್ಲಿನನು ಬಂದು ಇನ್ನೊಂದು ಕಡೆ ಒಬ್ಬನೇ ಕೂರುವನು. ಗೆಳೆಯರು ಅವನನ್ನು ಕರೆದು ತಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳುವರು. ಭಾಷಣವಿಲ್ಲ, ಕ್ಷಮಾಪಣೆಯಿಲ್ಲ, ಒಂದು ಕುರ್ಚಿಯ ಸ್ಥಳ ಬದಲಾಗುವುದು, ಅಷ್ಟೇ. ೧೯೭೩ರಿಂದ ಆ ದೃಶ್ಯದವರೆಗೆ ಐವತ್ತು ವರ್ಷಗಳು ಹಿಡಿದುವು. ಹಬ್ಬದ ಮನೆಯಲ್ಲಿ ಎಲೆ ಹಾಕುವವರು ಸಾಲನ್ನು ಒಮ್ಮೆ ಉದ್ದಕ್ಕೂ ನೋಡಿ, ಯಾರ ಎಡಬಲ ಬರಿದಾಗಿದೆಯೆಂದು ವಿಚಾರಿಸಿದ್ದರೆ ಅದಕ್ಕೆ ಅರೆಗಳಿಗೆಯೂ ಬೇಕಾಗಿರಲಿಲ್ಲ.